ಹುಣ್ಣಿಮೆಯ ನೂಡಲ್ಸ್ ಸಾರು

"ಮೆನುನಲ್ಲಿ ವೆಜ್ ಸೂಪೇ ಇಲ್ಲ. ನೀವು ಕನಸಲ್ಲಿ ಕುಡಿದಿರ್ಬೇಕು!" ಎಂದಳು ಹೆಂಡತಿ.

ಆ ವಿಯೆಟ್ನಾಂ ನೂಡಲ್ಸ್ ಸೂಪಿಗಾಗಿಯೇ ಅವಳನ್ನು ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಕರೆತಂದಿದ್ದೆ. ಮಾಂಸ ಮುಟ್ಟದ ನಾನು ಹೋದ ಸಲ ಕುಡಿದದ್ದು ಮೂಳೆಯ ಸಾರೇ? ನನ್ನ ನೆನಪಿನ ಮೇಲೆ ನನಗೇ ಅನುಮಾನ ಬಂತು. ಅಳುಕುತ್ತಲೇ ಹೋಟೆಲಿನ ಅಜ್ಜಿಯನ್ನು ಕೇಳಿದೆ.

ಅವರು ನಕ್ಕು, ಇಂಗ್ಲಿಷಿನಲ್ಲಿ ಹೇಳಿದರು: "ಹುಣ್ಣಿಮೆಗೆ ಬಂದಿರ್ತೀರಿ. ಹುಣ್ಣಿಮೆ, ಅಮಾವಾಸ್ಯೆಗೆ ನಾವು ಮಾಂಸ ತಿನ್ನಲ್ಲ. ನಮಗೆ ಮಾಡ್ಕೊಂಡಿದ್ದನ್ನೇ ನಿಮಗೂ ಕೊಟ್ಟಿರ್ತೀನಿ. ನಾಲ್ಕು ದಿನ ಬಿಟ್ಟು ಬನ್ನಿ."

ಅಮಾವಾಸ್ಯೆಯಂದು ಮತ್ತೆ ಹೋದೆವು. ಚಕ್ಕೆ, ಅಣಬೆಯ ಘಮದ ಆ ಸಾರನ್ನು ಹೆಂಡತಿ ಬಟ್ಟಲೆತ್ತಿ ಕುಡಿದಳು.

ಪಂಚಾಂಗವನ್ನು ಎಂದೂ ನಂಬದ ನಾನು ಈಗ ಹ್ಯೂಸ್ಟನ್‌ಗೆ ಹೊರಡುವ ಮುನ್ನ ತಿಥಿ ನೋಡುತ್ತೇನೆ.