ಅರಿಷಿಣ ಕುಡಿದ ಮೋಟಾರು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ನಮ್ಮ ಸೀಮೆಯಲ್ಲಿ ಆಗ ನಿಜಾಮರ ಆಳ್ವಿಕೆ. ರಾಯಚೂರಿನಲ್ಲಿ ಹೈಸ್ಕೂಲು ಮುಗಿಸಿ ಬಂದ ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಕಾರಕೂನನಾಗಿದ್ದೆ. ಈಗ ನನಗೆ ಎಂಬತ್ತರ ಹತ್ತಿರ. ನಿನ್ನೆ ಏನು ಉಂಡೆನೆಂದು ಕೇಳಿದರೆ ಯೋಚಿಸಬೇಕಾಗುತ್ತದೆ. ಆದರೆ ಆ ಬೇಸಿಗೆಯ ಒಂದು ದಿನ ಮಾತ್ರ ಮಧ್ಯಾಹ್ನದ ಜೊಂಪಿನಲ್ಲಿ ಬಿಳಿ ಧೂಳಿನೊಳಗಿಂದ ಸದ್ದಿಲ್ಲದೆ ಬಂದು ನನ್ನ ಮುಂದೆ ನಿಲ್ಲುತ್ತದೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಗಿರಣಿಯ ಸಾಹುಕಾರ ವಿರೂಪಣ್ಣನವರ ಹತ್ತಿರ ಒಂದು ಹಸಿರು ಮೋಟಾರು ಕಾರಿತ್ತು. ಮೇಲೆ ಬಟ್ಟೆಯ ಹೊದಿಕೆ, ಮುಂದೆ ಎರಡು ದೊಡ್ಡ ಹಿತ್ತಾಳೆ ದೀಪ. ನಾನು ಬಿಡುವಿನಲ್ಲಿ ಅದನ್ನು ನಡೆಸಲು ಕಲಿತಿದ್ದೆ. ಸಾಹುಕಾರರು ಅದನ್ನು ಮಾರಿ ಹೊಸದು ತರಬೇಕೆಂದಿದ್ದರು. ಒಂದು ದಿನ ನನ್ನನ್ನು ಕರೆದು ಹೇಳಿದರು: “ಕೊಪ್ಪಳದ ತುಳಸಾಬಾಯಾರು ಗಾಡಿ ಕೇಳ್ಯಾರ. ನೀನ ಹೋಗಿ ಒಪ್ಪಿಸಿ ಬಾ. ಬರೂ ಯುಗಾದಿತನಕ ಏನ ಕೆಟ್ಟರೂ ಜಿಮ್ಮಾ ನಂದು, ಗದಗಕ್ಕ ಒಯ್ದು ರಿಪೇರಿ ಮಾಡಿಸಿಕೊಡ್ತೀನಿ ಅಂತ ಹೇಳು. ಐಬು ಮುಚ್ಚಿ ಮಾರೂ ಮನಿತನ ಅಲ್ಲ ನಮ್ದು. ಇದು ಸರಳಾಗಿ ಮುಗೀತಂದ್ರ ಹೊಸಾ ಗಾಡಿ ತರಾಕ ಮುಂಬೈಗೆ ನೀನೂ ನಡಿ.”

ಮುಂಬೈ! ಆ ರಾತ್ರಿಯಿಂದ ನನ್ನ ಕಣ್ಣೊಳಗೆ ಸಮುದ್ರ. ನಾನು ನೋಡದ ಸಮುದ್ರ, ಅದರ ದಂಡೆಯಲ್ಲಿ ನಾನು ನಡೆಸಿಕೊಂಡು ಬರುತ್ತಿರುವ ಹೊಸ ಮೋಟಾರು.

ಆದರೆ ಹಳೆಯ ಗಾಡಿಗೆ ಒಂದು ಐಬಿತ್ತು. ಇಂಜಿನ್ನನ್ನು ತಣ್ಣಗಿಡುವ ನೀರಿನ ಡಬ್ಬಿ, ರೇಡಿಯೇಟರು, ಕೆಳಗೆ ಸೋರುತ್ತಿತ್ತು. ಸಾಹುಕಾರರಿಗೆ ಅದು ಗೊತ್ತಿರಲಿಲ್ಲ, ನೀರು ತುಂಬುತ್ತಿದ್ದ ನನಗೆ ಗೊತ್ತಿತ್ತು. ಹೇಳಿದರೆ ಗಾಡಿ ಗದಗಕ್ಕೆ ಹೋಗುತ್ತದೆ, ಮಾರಾಟ ನಿಲ್ಲುತ್ತದೆ, ಮುಂಬೈ ಮುಂದಕ್ಕೆ ಹೋಗುತ್ತದೆ. ರಾಯಚೂರಿನ ಡ್ರೈವರನೊಬ್ಬ ಹಿಂದೆ ಯಾವಾಗಲೋ ಒಂದು ಉಪಾಯ ಹೇಳಿದ್ದ. ಅದರಂತೆ ಒಂದು ಹಿಡಿ ಅರಿಷಿಣ ಪುಡಿಯನ್ನು ನೀರಿನೊಳಗೆ ಸುರಿದೆ. ಪುಡಿ ಹೋಗಿ ತೂತಿನಲ್ಲಿ ಕೂತಿತು. ಸೋರುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ನಕ್ಕೆ.

ತುಳಸಾಬಾಯಿಯವರು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡಿದವರು. ಹದಿನೈದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಕಂಪನಿ ಸೇರಿದ್ದಕ್ಕೆ ಅಣ್ಣ ಅವರ ಹೆಸರೆತ್ತುವುದನ್ನೇ ಬಿಟ್ಟಿದ್ದನಂತೆ. ಈಗ ಕಂಠ ಒಡೆದು, ಕೊಪ್ಪಳದ ಕೋಟೆಯ ಕೆಳಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಅಣ್ಣನ ಮಗಳ ಮದುವೆ ಬಂದಿತ್ತು. ಅತ್ತೆಯನ್ನು ಒಮ್ಮೆಯೂ ನೋಡದ ಆ ಹುಡುಗಿ ಬಳೆಗಾರನ ಕೈಲಿ ಹೇಳಿ ಕಳಿಸಿದ್ದಳು: “ಸೋದರತ್ತಿ ಇರೂವಾಗ ಬ್ಯಾರೇದವರ ಕೈಲೆ ನಾ ಯಾಕ ಅರಿಷಿಣ ಹಚ್ಚಿಸ್ಕೊಳ್ಳಲಿ?” ಹಟ ತಡೆಯಲಾರದೆ ಅಪ್ಪ ಒಪ್ಪಿದ್ದನು. ಆದರೆ ಒಂದು ಮಾತು ಸೇರಿಸಿದ್ದನು: “ಬಂದ್ರ ಹೊತ್ತಿಗೆ ಸರಿಯಾಗಿ ಬರ್ಲಿ. ಆಕಿ ಸಲುವಾಗಿ ಒಂದು ಗಳಿಗಿನೂ ಕಾಯಂಗಿಲ್ಲ.”

“ಊರು ಬಿಡೂವಾಗ ಬರಿಗಾಲಾಗ ಓಡಿದ್ದೆ ತಮ್ಮಾ,” ಎಂದರು ನನಗೆ. “ಹೋಗೂವಾಗ ಮೋಟಾರಿನ್ಯಾಗ ಹೋಗಬೇಕು. ಅಷ್ಟಕ್ಕಾಗಿ ಇದನ್ನ ಕೊಂಡೆ ನೋಡು.”

ಗಾಡಿ ಒಪ್ಪಿಸಿದ ದಿನ ಸಾಹುಕಾರರ ಮಾತನ್ನು ನಾನು ಹೇಳಲಿಲ್ಲ. ಯುಗಾದಿತನಕ ಜಿಮ್ಮಾ ಎಂದುಬಿಟ್ಟರೆ, ನಾಳೆ ಸೋರಿದಾಗ ಗಾಡಿ ಗಂಗಾವತಿಗೆ ಬರುತ್ತದೆ, ಅರಿಷಿಣ ಹೊರಗೆ ಬೀಳುತ್ತದೆ. ಅದರ ಬದಲು ಬೇರೆಯದೇ ಹೇಳಿದೆ. ನಮ್ಮ ಕಡೆ ದನದ ವ್ಯಾಪಾರದಲ್ಲಿ ಒಂದು ಪದ್ಧತಿಯಿತ್ತು. ಕೊಂಡವನ ಮನೆಯಲ್ಲಿ ನೀರು ಕುಡಿಯುವ ತನಕ ಎತ್ತಿನ ಐಬಿಗೆ ಮಾರಿದವನೇ ಹೊಣೆ, ಕುಡಿದ ಮೇಲೆ ಅವನ ಹೊಣೆ ಮುಗಿಯಿತು.

“ಬಾಯಾರ, ಗಾಡಿಗೆ ಮೊದಲನೇ ನೀರು ನಿಮ್ಮ ಕೈಲೇ ಕುಡಿಸ್ರಿ,” ಎಂದೆ. “ಎತ್ತಿನ ವ್ಯಾಪಾರದಂಗ. ಇಲ್ಲಿಗೆ ನಮ್ಮ ಜಿಮ್ಮಾ ಮುಗೀತು.”

ಅವರು ದೊಡ್ಡದಾಗಿ ನಕ್ಕರು. “ನಮ್ಮಪ್ಪ ದನದ ವ್ಯಾಪಾರದವ. ನನಗ ಕಲಿಸ್ತೀಯೇನ?” ಎಂದು ತಾವೇ ಬಾವಿಯಿಂದ ತಾಮ್ರದ ಕೊಡದಲ್ಲಿ ನೀರು ತಂದು ಸುರಿದರು. ಮುಂದಿನ ದೀಪಗಳೆರಡಕ್ಕೂ ಕುಂಕುಮ ಹಚ್ಚಿದರು.

ಅವರಿಗೆ ಇನ್ನೂ ಡ್ರೈವರ್ ಸಿಕ್ಕಿರಲಿಲ್ಲ. ಮದುವೆ ಮುಗಿಯುವ ತನಕ ನನ್ನನ್ನೇ ಇಟ್ಟುಕೊಳ್ಳಲಿ ಎಂದರು ಸಾಹುಕಾರರು. ಹಾಗಾಗಿ ಮದುವೆಯ ಊರಿಗೆ ನಾನೇ ಗಾಡಿ ನಡೆಸಿದೆ. ಯಲಬುರ್ಗಾ ದಾಟಿ ಇನ್ನೂ ಒಳಗೆ ಹೋಗಬೇಕಾದ ಹಳ್ಳಿ ಅದು. ನಡು ಮಧ್ಯಾಹ್ನಕ್ಕೆ ಅರಿಷಿಣದ ಶಾಸ್ತ್ರ. ನಾವು ಸೂರ್ಯ ಹುಟ್ಟುವಾಗ ಹೊರಟೆವು.

ಆ ಮುಂಜಾವನ್ನು ಹೇಗೆ ಹೇಳಲಿ? ಕರಿ ಹೊಲಗಳು ಬರಿದಾಗಿ ಆಕಾಶದ ತುದಿಯ ತನಕ ಮಲಗಿದ್ದವು. ದಾರಿಯುದ್ದಕ್ಕೂ ಬೇವು ಹೂವು ಬಿಟ್ಟು ಗಾಳಿಯೇ ಕಹಿಸಿಹಿಯಾಗಿತ್ತು. ನಮ್ಮ ಹಿಂದೆ ಧೂಳು ಎದ್ದು ಬಿಸಿಲಿನಲ್ಲಿ ಬಂಗಾರವಾಗಿ, ಕೆಳಗೆ ಬೀಳಲು ಮನಸ್ಸಿಲ್ಲದೆ ನಿಂತಿರುತ್ತಿತ್ತು. ಬಾಯಿಯವರು ಹಿಂದಿನ ಸೀಟಿನಲ್ಲಿ ಹಸಿರು ಸೀರೆಯುಟ್ಟು, ಸೆರಗು ಹಾರಲು ಬಿಟ್ಟು ಕೂತಿದ್ದರು. ಒಡೆದ ಕಂಠದಲ್ಲೇ ಏನೋ ಗುನುಗುತ್ತಿದ್ದರು. ಇಂಜಿನ್ನಿನ ಸದ್ದು ಯಾವುದು, ಹಾಡು ಯಾವುದು ತಿಳಿಯುತ್ತಿರಲಿಲ್ಲ. ಭೂಮಿಯ ಮೇಲೆ ಹೋಗುತ್ತಿದ್ದೇವೆಂದು ನನಗೆ ಅನ್ನಿಸಲೇ ಇಲ್ಲ.

ಆಗ ಅವರು ಹಾಡು ನಿಲ್ಲಿಸಿ ಕೇಳಿದರು: “ತಮ್ಮಾ, ಇಲ್ಲೆಲ್ಲರ ಮದುವಿ ಮನಿ ಐತೇನು? ಅರಿಷಿಣದ ವಾಸನಿ ಬರಾಕತ್ತೈತಿ.”

ಸುತ್ತ ಒಂದು ಮನೆಯೂ ಇರಲಿಲ್ಲ. ಗಾಡಿಯ ಮೂತಿಯಿಂದ ಹಬೆ ಏಳುತ್ತಿತ್ತು. ಇಳಿದು ನೋಡಿದರೆ ಹಳದಿ ನೀರು ತೊಟ್ಟಿಕ್ಕುತ್ತ ದಾರಿಯ ಬಿಳಿ ಮಣ್ಣಿನ ಮೇಲೆ ಗೆರೆ ಎಳೆದಿತ್ತು. ಬಾಯಿಯವರೂ ಇಳಿದು ಬಂದರು. ಬಗ್ಗಿ ಬೆರಳು ಅದ್ದಿದರು, ಮೂಸಿದರು. ನನ್ನ ಮುಖ ನೋಡಿದರು.

“ಖರೇ ಹೇಳು. ಇದು ನಿನಗ ಗೊತ್ತಿತ್ತೇನು?”

“ಇಲ್ರಿ ಬಾಯಾರ. ನಿಮ್ಮಾಣಿಗೂ ಗೊತ್ತಿಲ್ಲ.”

“ಹಂಗಾರ ಸಾವಕಾರ್ರ ಕೆಲಸ.”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

“ಇದನ್ನ ಅವರು ರಿಪೇರಿ ಮಾಡಿಸಿಕೊಡ್ತಾರೇನು?”

“ನಿಮ್ಮ ಮನೀ ನೀರು ಕುಡದೈತಲ್ರಿ...”

“ಹೌದಲ್ಲ,” ಎಂದರು. “ನನ್ನ ಕೈಯಾರೆ ಕುಡಿಸೀನಿ.” ಮತ್ತೆ ನಕ್ಕರು. ಅದು ಹಿಂದಿನ ನಗೆಯಲ್ಲ. “ನಡಿ, ನೀರು ಹುಡುಕೂಣು. ಹೊತ್ತು ಏರಾಕತ್ತೈತಿ.”

ಅಲ್ಲಿಂದ ಮುಂದೆ ನಾವು ಬಾವಿಯಿಂದ ಬಾವಿಗೆ ಹೋದೆವು. ಸ್ವಲ್ಪ ದೂರ ಹೋಗುವುದು, ಹಬೆ ಬರುವುದು, ನಿಲ್ಲುವುದು, ಆರುವ ತನಕ ಕಾಯುವುದು, ತುಂಬುವುದು. ಒಂದು ಊರಿನ ಬಾವಿಕಟ್ಟೆಯಲ್ಲಿ ಹೆಂಗಸರು ಸುತ್ತುವರಿದರು.

“ಎವ್ವಾ, ಎಮ್ಮಿಗಿಂತ ಹೆಚ್ಚು ಕುಡೀತೈತಲ್ಲ ಇದು!” ಎಂದಳು ಒಬ್ಬಾಕೆ.

“ಹಾಲು ಎಷ್ಟು ಕೊಡ್ತೈತ್ರಿ?” ಎಂದಳು ಇನ್ನೊಬ್ಬಳು.

ಬಾಯಿಯವರೂ ಅವರೊಡನೆ ನಕ್ಕರು. ಆದರೆ ಕಣ್ಣು ಸೂರ್ಯನ ಕಡೆಗೇ ಹೋಗುತ್ತಿತ್ತು. ಬಿಸಿಲ್ಗುದುರೆ ಎದ್ದು ಮುಂದಿನ ದಾರಿಯೆಲ್ಲ ಕೆರೆಯಂತೆ ಹೊಳೆಯುತ್ತಿತ್ತು. ಅಷ್ಟು ನೀರು ಕಣ್ಣೆದುರಿಗೇ ಇದ್ದರೂ ನಮ್ಮ ಕೊಡಕ್ಕೆ ಒಂದು ಹನಿಯೂ ಬರುವಂತಿರಲಿಲ್ಲ. ಕೊನೆಗೆ ಒಂದು ಏರಿನ ಮೇಲೆ ಇಂಜಿನ್ನು ಕೆಮ್ಮಿ ನಿಂತೇಬಿಟ್ಟಿತು. ಗಾಳಿಯಲ್ಲಿ ಎಲ್ಲಿಂದಲೋ ಸನಾದಿಯ ದನಿ ತೇಲಿ ಬಂತು. ಬಾಯಿಯವರು ಕಿವಿಗೊಟ್ಟು ಕೇಳಿದರು. “ನಮ್ಮೂರು,” ಎಂದರು.

ಕಾರನ್ನು ಅಲ್ಲೇ ಬಿಟ್ಟೆವು. ಅವರು ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ಬಿದ್ದು ನಡೆದರು, ಹೆಚ್ಚು ಕಡಿಮೆ ಓಡಿದರು. ನಾನು ಉಡುಗೊರೆಯ ಗಂಟು ಹೊತ್ತು ಹಿಂದೆ ನಡೆದೆ. ಬಾಯಿಬಿಟ್ಟು ಹೇಳಲು ಅಷ್ಟು ದಾರಿಯಿತ್ತು. ಹೇಳಲಿಲ್ಲ.

ನಾವು ಹಂದರದೊಳಗೆ ಕಾಲಿಟ್ಟಾಗ ಶಾಸ್ತ್ರ ಮುಗಿದಿತ್ತು. ಹುಡುಗಿಗೆ ಎರೆದು, ಒದ್ದೆ ಕೂದಲಲ್ಲೇ ಮಣೆಯ ಮೇಲೆ ಕೂರಿಸಿದ್ದರು. ಅವಳು ತಲೆಯೆತ್ತಿ ನೋಡಿ, ಯಾರೆಂದು ಯಾರೂ ಹೇಳದೆಯೇ ತಿಳಿದು, ಅಳತೊಡಗಿದಳು. ಅಣ್ಣ ಹಂದರದ ಕಂಬ ಹಿಡಿದು ನಿಂತಿದ್ದನು. ತಂಗಿಯ ಧೂಳು ಮೆತ್ತಿದ ಕಾಲು ನೋಡಿದನು.

“ಬಂದ್ರೇನ್ರಿ ರಾಣಿ ಸಾಹೇಬರು,” ಎಂದನು. “ನಾಟಕದವರು. ಬಣ್ಣ ಬಡಕೊಳ್ಳೂದು ಮುಗೀಬೇಕು, ಪರದೆ ಏಳಬೇಕು, ಆಮ್ಯಾಲೆ ಬರ್ತಾರ.”

ಹಂದರವೆಲ್ಲ ನಕ್ಕಿತು. ಬಾಯಿಯವರು ಒಮ್ಮೆ ನನ್ನ ಕಡೆ ತಿರುಗಿದರು. ಈಗ ಹೇಳುತ್ತಾರೆ, ಮೋಟಾರು ಕೆಟ್ಟಿತು, ಸಾಹುಕಾರ ಮೋಸ ಮಾಡಿದ ಎನ್ನುತ್ತಾರೆ ಎಂದುಕೊಂಡೆ.

“ಹೌದಪ್ಪಾ ಅಣ್ಣಾ,” ಎಂದರು. “ಸಿಂಗಾರಕ್ಕ ತಡಾ ಆತು. ತಪ್ಪು ನಂದ.”

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಏರಿನ ಮೇಲೆ ನಿಂತ ಕಾರನ್ನು ಕೈಮಾಡಿ ತೋರಿಸಿದ್ದರೂ ಸಾಕಿತ್ತು. ಗಂಟನ್ನು ಕೆಳಗಿಟ್ಟು ನೆಲ ನೋಡುತ್ತ ನಿಂತೆ.

ಊಟದ ಪಂಕ್ತಿಯಲ್ಲಿ ಅವರೇ ಬಂದು ನನ್ನ ಎಲೆಗೆ ಹೋಳಿಗೆ ಬಡಿಸಿದರು. ಬಗ್ಗಿ ಮೆಲ್ಲಗೆ ಹೇಳಿದರು: “ಗಾಬರಿ ಆಗಬ್ಯಾಡ. ನಿನ್ನ ಸಾವಕಾರ್ರ ಹೆಸರು ಇಲ್ಲಿ ಎತ್ತಿದ್ರ ಮಾತು ಗಂಗಾವತಿಗೆ ಮುಟ್ಟತೈತಿ. ಅವರ ಸಿಟ್ಟು ನಿನ್ನ ಮ್ಯಾಲೆ ಬೀಳತೈತಿ. ಏನೂ ಅರೀದವ ನೀನು, ಅನ್ನ ಕಳಕೋಬಾರ್ದು. ಉಣ್ಣು.”

ಅವರು ನನ್ನನ್ನು ನಂಬಿದ್ದರು. ಆ ಹೋಳಿಗೆಯನ್ನು ನಾನು ಉಂಡೆ.

ಮರುದಿನ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಅವರು ಎಲ್ಲರ ಹಿಂದೆ ನಿಂತಿದ್ದರು. ಆ ಊರಿಗೆ ಮತ್ತೆ ಹೋದರೆಂದು ನಾನು ಕೇಳಲಿಲ್ಲ. ಕಾರನ್ನು ಎತ್ತು ಹೂಡಿ ಕೊಪ್ಪಳಕ್ಕೆ ಎಳೆಸಿದರು. ಅದು ಅವರ ಮನೆಯ ಗೋಡೆಗೆ ಒರಗಿ ನಿಂತಿತು, ಕೋಳಿಗಳು ಅದರೊಳಗೆ ಮೊಟ್ಟೆಯಿಟ್ಟವು.

ನಾನು ಮುಂಬೈಗೆ ಹೋದೆ. ಸಮುದ್ರ ನೋಡಿದೆ. ಅದರ ಬಗ್ಗೆ ಹೇಳುವಂಥದು ಏನೂ ಇಲ್ಲ.

ಮರುವರ್ಷ ಯುಗಾದಿ ಹತ್ತಿರ ಬಂದಾಗ ಸಾಹುಕಾರರು ರೈಲು ಹಿಡಿಯಲು ಕೊಪ್ಪಳಕ್ಕೆ ಹೊರಟರು. ಹೊಸ ಕಾರನ್ನು ನಾನೇ ನಡೆಸುತ್ತಿದ್ದೆ. ಸ್ಟೇಷನ್ನಿನ ಹತ್ತಿರ ತುಳಸಾಬಾಯಿಯವರು ಎದುರಾದರು. ಸಾಹುಕಾರರು ಗಾಡಿ ನಿಲ್ಲಿಸಲು ಹೇಳಿ, ಕೈಮುಗಿದು, “ಬಾಯಾರ, ಆರಾಮ ಅದೀರಿ?” ಎಂದರು. ಅವರು ಮುಖ ತಿರುಗಿಸಿ ಹೋಗಿಬಿಟ್ಟರು.

“ಯಾಕೋ ಹಿಂಗ ಹೋದ್ರಲ್ಲ?” ಸಾಹುಕಾರರಿಗೆ ನಿಜವಾಗಿಯೂ ನೋವಾಗಿತ್ತು.

“ಅವರ ಕಣ್ಣು ಮಂಜಾಗ್ಯಾವಂತ್ರಿ,” ಎಂದೆ.

“ಅಯ್ಯ ಪಾಪ. ಅದಕ್ಕ ಗುರ್ತು ಹತ್ತಲಿಲ್ಲ. ಯುಗಾದಿ ಬಂತು, ಗಾಡಿ ಬಗ್ಗೆ ಒಂದು ಮಾತೂ ಹೇಳಿ ಕಳಿಸಲಿಲ್ಲ ನೋಡು. ನನ್ನ ರೈಲು ಹೋದ ಮ್ಯಾಲೆ ಅವರ ಮನಿಗೆ ಹೋಗಿ ಕೇಳಿ ಬಾ, ಏನರ ರಿಪೇರಿ ಐತೇನು ಅಂತ. ಮಾತು ಕೊಟ್ಟೀನಿ ನಾನು.”

ಹೋದೆ. ಅವರ ಓಣಿಯ ತಿರುವಿನ ತನಕ ಹೋದೆ. ಅಲ್ಲಿ ಒಂದು ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಒಳಗಿನಿಂದ ಅವರು ಯಾರಿಗೋ ಹಾಡು ಹೇಳಿಕೊಡುತ್ತಿದ್ದ ದನಿ ಕೇಳುತ್ತಿತ್ತು. ಬಹಳ ಹೊತ್ತು ಕೇಳಿ ಎದ್ದು ಬಂದೆ. ಸಾಹುಕಾರರು ಊರಿಂದ ಬಂದಾಗ ಹೇಳಿದೆ: “ಕೇಳಿದೆರಿ. ಏನೂ ಬ್ಯಾಡ ಅಂದ್ರು.”

ಸಾಹುಕಾರರು ಸಮಾಧಾನದಿಂದ ತಲೆಯಾಡಿಸಿದರು.

ಒಬ್ಬರು ಕೊಟ್ಟ ಮಾತನ್ನು ಇನ್ನೊಬ್ಬರಿಗೆ ತಲುಪಿಸುವುದಷ್ಟೇ ನನ್ನ ಕೆಲಸವಾಗಿತ್ತು. ಅದು ತಲುಪದ ಕಾರಣ ಒಬ್ಬ ಮರ್ಯಾದಸ್ಥರು ಕೊನೆಯ ತನಕ ಮೋಸಗಾರರಾಗಿ ಉಳಿದರು, ಒಬ್ಬ ಹೆಣ್ಣುಮಗಳು ತವರಿನ ಹಂದರದಲ್ಲಿ ನಗೆಗೀಡಾದರು. ಇಬ್ಬರೂ ನನ್ನನ್ನು ಒಳ್ಳೆಯ ಹುಡುಗ ಎಂದೇ ತಿಳಿದಿದ್ದರು. ಈಗ ಇದನ್ನು ಬರೆದಿದ್ದೇನೆ. ಓದಬೇಕಾದವರು ಇಬ್ಬರೂ ಇಲ್ಲ.