ಮೂವತ್ಮೂರನೆಯ ಹೆಸರು

ರಗ್ಬಿ ಮಂಡಳಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕ್ಯಾಸೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಪಂದ್ಯಗಳೆಲ್ಲ ದಪ್ಪ ಕಪ್ಪು ಕ್ಯಾಸೆಟ್ಟುಗಳಲ್ಲಿ ಬರುತ್ತಿದ್ದವು. ಆಮೇಲೆ ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಎಲ್ಲವೂ ಕಂಪ್ಯೂಟರಿನ ಹೊಟ್ಟೆ ಸೇರಿತು. ಹೆಸರು ಮಾತ್ರ ಉಳಿದುಕೊಂಡಿತು. ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕವೊಂದಕ್ಕೇ.

ಎರಡನೇ ಮಹಡಿಯ ಮೂಲೆಯಲ್ಲಿ ಅವಳ ಕೋಣೆ. ಒಂದು ಮೇಜು, ಎರಡು ಪರದೆ, ಒಂದು ಕಿಟಕಿ. ಕಿಟಕಿಯಾಚೆ ಗೋದಾಮಿನ ಹಿಂಗೋಡೆ. ದೇಶದ ಯಾವ ಕ್ಲಬ್ಬು ಎಲ್ಲಿ ಆಡಿದರೂ ಆ ಪಂದ್ಯದ ವಿಡಿಯೋ ಸೋಮವಾರದ ಹೊತ್ತಿಗೆ ಅವಳ ಮೇಜಿಗೆ ಬರುತ್ತಿತ್ತು. ಅವಳು ಒಂದೊಂದನ್ನೂ ಮೂರು ಸಲ ನೋಡುತ್ತಿದ್ದಳು. ಮೊದಲ ಸಲ, ಯಾರು ಎಷ್ಟು ಜನರನ್ನು ಹಿಡಿದು ಕೆಡವಿದರು ಎಂದು ಬರೆದುಕೊಳ್ಳಲು. ಎರಡನೇ ಸಲ, ಯಾರ ಕೈಯಿಂದ ಚೆಂಡು ಜಾರಿತು ಎಂದು ನೋಡಲು. ಮೂರನೆಯದು ಯಾರೂ ಹೇಳದೆ ಅವಳೇ ಹಚ್ಚಿಕೊಂಡ ಕೆಲಸ: ನೆಲಕ್ಕೆ ಬಿದ್ದವನು ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು ತೆಗೆದುಕೊಂಡ, ಯಾವ ಕೈ ಊರಿ ಎದ್ದ. ಅದನ್ನು ಬೇರೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಅವಳ ಮನೆ ಕೊಡೆ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವಳು ಒಂಬತ್ತು ವರ್ಷ ತಾಯಿಯ ಆರೈಕೆ ಮಾಡಿದ್ದಳು. ತಾಯಿಗೆ ಕುತ್ತಿಗೆಯ ಮೂಳೆ ಸವೆದು, ಕೊನೆಕೊನೆಗೆ ಕೈಯಲ್ಲಿ ಚಮಚ ಕೂಡ ನಿಲ್ಲುತ್ತಿರಲಿಲ್ಲ. ಆಕೆ ಹೋಗಿ ಮೂರು ವರ್ಷವಾಗಿತ್ತು. ಈಗ ಪಾತ್ರೆ ತೊಳೆದು ಬೋರಲು ಹಾಕಿದರೆ ಒಂದು ತಟ್ಟೆ, ಒಂದು ಲೋಟ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆವರೆಗೂ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಸೋಮವಾರ ಕಚೇರಿಯ ಮೆಟ್ಟಿಲು ಹತ್ತುವಾಗ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ರೂಢಿಯಾಗಿತ್ತು. ಇಲ್ಲದಿದ್ದರೆ ಕಾವಲುಗಾರನ ನಮಸ್ಕಾರಕ್ಕೆ ಉತ್ತರ ಕೊಡುವಾಗ ದನಿ ತುಕ್ಕು ಹಿಡಿದ ನಲ್ಲಿಯ ಹಾಗೆ ಗೊರಗುಟ್ಟುತ್ತಿತ್ತು.

ಅವಳಿಗೆ ತನ್ನವರು ಅಂತ ಇದ್ದವರು ಪರದೆಯ ಮೇಲಿನ ಆ ಮಣ್ಣು ಮೆತ್ತಿದ ಗಂಡಸರು. ಯಾರು ಚೆಂಡು ಒದೆಯುವ ಮುಂಚೆ ಕಿವಿ ಮುಟ್ಟಿಕೊಳ್ಳುತ್ತಾನೆ, ಯಾರು ಸೋತ ದಿನ ಬೂಟಿನ ಲೇಸು ಬಿಚ್ಚದೆ ಕೂರುತ್ತಾನೆ, ಯಾರಿಗೆ ಈಚೆಗೆ ಮನೆಯಲ್ಲಿ ನೆಮ್ಮದಿಯಿಲ್ಲ, ಎಲ್ಲವೂ ಅವಳಿಗೆ ಗೊತ್ತು. ಅವರಲ್ಲಿ ಒಬ್ಬನಿಗೂ ಇಂಥವಳೊಬ್ಬಳು ಇದ್ದಾಳೆಂದು ಗೊತ್ತಿಲ್ಲ. ಅವರೆಲ್ಲರೊಳಗೆ ಅವಳು ಹೆಚ್ಚು ನೋಡಿದ್ದು ಬಂಡೆಯನ್ನು. ಅದು ಜನ ಇಟ್ಟ ಹೆಸರು. ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ನೂಕಾಡುವ ಸ್ಕ್ರಮ್ಮಿನಲ್ಲಿ ಮುಂದಿನ ಸಾಲಿನವನು ಅವನು. ಹನ್ನೊಂದು ವರ್ಷದಿಂದ ದೇಶದ ತಂಡದಲ್ಲಿದ್ದ, ಈಗ ಮೂವತ್ತೈದು ದಾಟಿದ್ದ.

ವಿಶ್ವಕಪ್ಪಿಗೆ ಐದು ವಾರವಿದ್ದಾಗ ಆಯ್ಕೆ ಸಮಿತಿ ಕೂತಿತು. ಅಧ್ಯಕ್ಷರು, ಕೋಚು, ಒಬ್ಬ ಹಳೆಯ ಕ್ಯಾಪ್ಟನ್ನು, ತಂಡದ ಡಾಕ್ಟರು. ಗೋಡೆಯ ಬಿಳಿ ಹಲಗೆಗೆ ಆಟಗಾರರ ಹೆಸರಿನ ಚೀಟಿಗಳನ್ನು ಅಂಟಿಸುತ್ತ ಹೋಗುವುದು ಪದ್ಧತಿ. ಕ್ಯಾಸೆಟ್ ಅಕ್ಕ ಗೋಡೆ ಪಕ್ಕದ ಪುಟ್ಟ ಮೇಜಿನಲ್ಲಿ ಕೂತು, ಕೇಳಿದ ವಿಡಿಯೋ ಹಾಕಬೇಕು, ಅಷ್ಟೇ. ತಂಡಕ್ಕೆ ಬೇಕಾದ ಮೂವತ್ಮೂರರಲ್ಲಿ ಮೂವತ್ತೆರಡು ಹೆಸರು ಎರಡು ದಿನದಲ್ಲಿ ಹಲಗೆಗೆ ಹತ್ತಿದವು. ಮೂವತ್ಮೂರನೆಯದಕ್ಕೆ ಬಂದಾಗ ಗಾಡಿ ಹೂತುಕೊಂಡಿತು. ಬಂಡೆಯೋ, ಅಥವಾ ಕಳೆದ ವರ್ಷವಷ್ಟೇ ದೊಡ್ಡ ಪಂದ್ಯಗಳಿಗೆ ಬಂದ ಹೊಸಬನೋ?

"ಮುಂದಿನ ಸಾಲಲ್ಲಿ ಬಂಡೆ ಇಲ್ಲ ಅಂದ್ರೆ ಕಂಬ ಇಲ್ಲದ ಚಪ್ಪರ ಇದ್ದ ಹಾಗೆ," ಎಂದರು ಹಳೆಯ ಕ್ಯಾಪ್ಟನ್ನು. "ಗಾಳಿ ಬರೋವರೆಗೆ ಮಾತ್ರ ನಿಲ್ಲುತ್ತೆ."

"ಕಂಬಕ್ಕೂ ಗೆದ್ದಲು ಹಿಡಿಯುತ್ತೆ ಸಾರ್," ಎಂದ ಕೋಚು. "ಐವತ್ತನೇ ನಿಮಿಷ ಆದ್ಮೇಲೆ ಅವರ ಕಾಲು ಏಳಲ್ಲ. ಹೊಸಬ ಪೂರ್ತಿ ಎಂಬತ್ತು ನಿಮಿಷ ಓಡ್ತಾನೆ."

"ಓಡೋಕೆ ಕುದುರೆ ತರೋಣ ಬಿಡಿ. ನೂಕೋರು ಯಾರು?"

"ಕಳೆದ ವಿಶ್ವಕಪ್ಪಲ್ಲೂ ಇದೇ ಮಾತು ಆಡಿದ್ರಿ. ಹಳಬರನ್ನ ಕಟ್ಟಿಕೊಂಡು ಹೋಗಿ ನಾಲ್ಕೇ ಪಂದ್ಯಕ್ಕೆ ವಾಪಸ್ ಬಂದ್ವಿ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಅಧ್ಯಕ್ಷರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಬ್ಬರಿಗೂ ತಲೆಯಾಡಿಸುತ್ತ ಕೂತಿದ್ದರು. "ಅಕ್ಕ, ಕಳೆದ ಕ್ಲಬ್ ಫೈನಲ್ ಪಂದ್ಯದ ಸ್ಕ್ರಮ್ ಹಾಕಿ," ಎಂದು ಒಬ್ಬರು. "ಅಕ್ಕ, ಅದೇ ಪಂದ್ಯದ ಕೊನೇ ಹತ್ತು ನಿಮಿಷ ಹಾಕಿ," ಎಂದು ಇನ್ನೊಬ್ಬರು. ಅವಳು ಹಾಕುತ್ತಿದ್ದಳು. ಆದರೆ ಹತ್ತು ದಿನದ ಹಿಂದೆಯೇ ಅವಳ ಕಣ್ಣಿಗೆ ಬೇರೊಂದು ಬಿದ್ದಿತ್ತು.

ಬಂಡೆ ಈಗ ಬರೀ ಎಡಗೈ ಊರಿ ಏಳುತ್ತಿದ್ದ. ಅದಾದರೂ ಇರಲಿ, ಬಲಗಡೆಯಿಂದ ಯಾರಾದರೂ ಕೈಯೆತ್ತಿ ಕರೆದರೆ ಅವನು ತಲೆ ತಿರುಗಿಸುತ್ತಿರಲಿಲ್ಲ, ಕಾಲು ಕದಲಿಸಿ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಆ ತಿರುಗುವಿಕೆ ಅವಳಿಗೆ ಹೊಸದಲ್ಲ. ಅಡುಗೆಮನೆಯಿಂದ "ಅಮ್ಮಾ" ಎಂದರೆ ತಾಯಿ ಕುರ್ಚಿಯ ಸಮೇತ ತಿರುಗುತ್ತಿದ್ದದ್ದು ಹೀಗೆಯೇ. ಅವಳು ಹಳೆಯ ಪಂದ್ಯಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತ ಹೋಗಿದ್ದಳು. ಹದಿನಾಲ್ಕು ವಾರದ ಹಿಂದೆ, ಒಂದು ಕ್ಲಬ್ ಪಂದ್ಯದ ಐವತ್ತೆರಡನೇ ನಿಮಿಷದಲ್ಲಿ, ಸ್ಕ್ರಮ್ ಕುಸಿದು ಅವನ ತಲೆ ಮೊದಲು ನೆಲಕ್ಕೆ ತಾಗಿತ್ತು. ಅದಕ್ಕೂ ಮುಂಚಿನ ಪಂದ್ಯಗಳಲ್ಲಿ ಅವನ ಕುತ್ತಿಗೆ ಎಲ್ಲರ ಹಾಗೆ ತಿರುಗುತ್ತಿತ್ತು.

ಹೇಳಿದರೆ ಅವನ ಕೊನೆಯ ವಿಶ್ವಕಪ್ಪು ಹೋಯಿತು. ಹೇಳದಿದ್ದರೆ? ಡಾಕ್ಟರು ಹೇಗೂ ಪರೀಕ್ಷೆ ಮಾಡುತ್ತಾರಲ್ಲ, ಅವರಿಗೇ ಗೊತ್ತಾಗಲಿ ಎಂದು ಅವಳು ದಿನ ನೂಕಿದ್ದಳು. ಮೂರನೇ ದಿನ ಡಾಕ್ಟರು ಕಾಗದ ತೆಗೆದು, "ತೂಕ ಎತ್ತಿದಾನೆ, ಓಟ ಪಾಸಾಗಿದೆ, ನೋವಿದೆಯಾ ಅಂತ ಕೇಳಿದೆ, ಇಲ್ಲ ಅಂದ," ಎಂದು ಓದಿದರು.

ಅಧ್ಯಕ್ಷರು ನಿಟ್ಟುಸಿರುಬಿಟ್ಟರು. "ಜನಕ್ಕೂ ಅವನೇ ಬೇಕು. ಬಿಟ್ಟರೆ ಊರೆಲ್ಲ ನಮ್ಮನ್ನ ಹುರಿದು ಮುಕ್ಕುತ್ತೆ. ಬಂಡೆನೇ ಇರಲಿ." ಚೀಟಿ ಕೈಗೆತ್ತಿಕೊಂಡು ಹಲಗೆಯ ಕಡೆ ನಡೆದರು.

"ಅವರ ಕುತ್ತಿಗೆ ಸರಿಯಿಲ್ಲ," ಎಂದಳು ಅವಳು.

ನಾಲ್ಕು ಜನರೂ ದನಿ ಎಲ್ಲಿಂದ ಬಂತೆಂದು ನೋಡಿದರು. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದೆ ಅವಳು ಆಡಿದ ಮೊದಲ ಮಾತು ಅದು.

"ಏನಂದ್ರಿ ಅಕ್ಕ?"

ಅವಳು ಮಾತಿನಲ್ಲಿ ಹೇಳಲು ಹೋಗಲಿಲ್ಲ. ಐವತ್ತೆರಡನೇ ನಿಮಿಷ ಹಾಕಿದಳು. ಆಮೇಲೆ ಒಂದರ ಹಿಂದೊಂದು ಏಳು ತುಣುಕು: ಮೈಯೆಲ್ಲ ತಿರುಗಿಸುವ ಬಂಡೆ, ಎಡಗೈ ಊರಿ ಏಳುವ ಬಂಡೆ, ನೀರಿನ ಬಾಟಲಿ ಕುಡಿಯಲು ತಲೆ ಎತ್ತದೆ ಸೊಂಟ ಹಿಂದಕ್ಕೆ ಬಾಗಿಸುವ ಬಂಡೆ. ಹಳೆಯ ಕ್ಯಾಪ್ಟನ್ನು ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟರು ಕೊನೆಯ ತುಣುಕನ್ನು ಇನ್ನೊಂದು ಸಲ ಹಾಕಿಸಿದರು. ನಂತರ, ಯಾರನ್ನೂ ನೋಡದೆ, "ನಾಳೆನೇ ಸ್ಕ್ಯಾನ್ ಮಾಡಿಸೋಣ," ಎಂದರು.

ಸ್ಕ್ಯಾನಿನಲ್ಲಿ ಕುತ್ತಿಗೆಯ ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿರುವುದು ಕಂಡಿತು. ಇನ್ನೊಂದು ಕೆಟ್ಟ ಸ್ಕ್ರಮ್ ಆಗಿದ್ದರೆ ಮನುಷ್ಯ ಹಾಸಿಗೆಯಿಂದ ಏಳುತ್ತಿರಲಿಲ್ಲ ಎಂದರು ಡಾಕ್ಟರು. ಆದರೆ ಬಂಡೆಯೇ ಅದನ್ನು ಹೊರಗೆ ಹೇಳಬಾರದೆಂದು ಬೇಡಿಕೊಂಡನಂತೆ. ಕುಂಟು ಎತ್ತು ಅನ್ನಿಸಿಕೊಂಡು ಮನೆಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಹಾಗಾಗಿ ಪ್ರಕಟವಾದ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ, ಕಾರಣವೂ ಇರಲಿಲ್ಲ.

ಊರಿನ ಬಾಯಿಗೆ ಮುಚ್ಚಳ ಎಲ್ಲಿದೆ? ಬಸ್ಸಿನಲ್ಲಿ, ಬ್ರೆಡ್ ಅಂಗಡಿಯ ಸಾಲಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಅದೇ ಮಾತು. ಒಳಗೊಳಗೇ ಕತ್ತು ಕುಯ್ದಿದ್ದಾರೆ, ಯಾವನೋ ಚಾಡಿ ಹೇಳಿದ್ದಾನೆ ಎಂದರು. ತಂಡ ಹೋಯಿತು, ಕ್ವಾರ್ಟರ್ ಫೈನಲ್ಲಿನಲ್ಲಿ ಹೊಸಬನ ಕಡೆಯ ಸ್ಕ್ರಮ್ ಎರಡು ಸಲ ಹಿಂದಕ್ಕೆ ಜಾರಿ, ಮೂರು ಅಂಕದಿಂದ ಸೋತು ಬಂತು. ಆಮೇಲಂತೂ ಕೇಳುವುದೇ ಬೇಡ.

ಒಂದು ಸಂಜೆ ಕೊಡೆ ರಿಪೇರಿಯವನು ಅವಳನ್ನು ಮೆಟ್ಟಿಲ ಬುಡದಲ್ಲೇ ಹಿಡಿದು ನಿಲ್ಲಿಸಿದ. ಮುರಿದ ಕೊಡೆಯ ಕಡ್ಡಿ ಅವನ ಕೈಯಲ್ಲಿತ್ತು.

"ನೀವು ಅದೇ ಆಫೀಸಲ್ಲವಾ ಅಕ್ಕ? ಬಂಡೆನ ತೆಗೆಸಿದ್ದು ಯಾರು ಅಂತ ನಿಮಗೆ ಗೊತ್ತಿರ್ಬೇಕಲ್ಲ?"

"ನನ್ನನ್ನ ಯಾರು ಕೇಳ್ತಾರೆ ಅಣ್ಣ," ಎಂದಳು. "ನಾನು ವಿಡಿಯೋ ಹಾಕೋಳು."

"ಅದೂ ನಿಜ ಬಿಡಿ," ಎಂದ ಅವನು, ಯಾವ ಕೆಟ್ಟ ಭಾವನೆಯೂ ಇಲ್ಲದೆ. "ಅವನು ಯಾವನೇ ಆಗಿರ್ಲಿ, ಅವನ ಕೈ ಸೇದಿಹೋಗ್ಲಿ."

ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡು, ಚೀಲ ಕೆಳಗಿಡುವುದನ್ನೂ ಮರೆತು ಬಹಳ ಹೊತ್ತು ನಿಂತೇ ಇದ್ದಳು. ತಾಯಿ ಇದ್ದಿದ್ದರೆ ಹೇಳಬಹುದಿತ್ತು. ಆಕೆ ಅರ್ಧ ಕೇಳಿ, ಅರ್ಧ ಬಿಟ್ಟು, "ಹೋಗಲಿ ಬಿಡೇ, ಅನ್ನೋರು ಅಂದ್ಕೊಳ್ಲಿ," ಅನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು.

ಸೋತು ಬಂದ ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ ಅವಳ ಕೋಣೆಯ ಬಾಗಿಲಲ್ಲಿ ಬೆಳಕು ಅಡ್ಡವಾಯಿತು. ಬಂಡೆ ನಿಂತಿದ್ದ. ಪರದೆಯ ಮೇಲೆ ಕಾಣುವುದಕ್ಕಿಂತ ಗಿಡ್ಡ. ಆಪರೇಷನ್ ಆಗಿ ಕುತ್ತಿಗೆಗೆ ಬಿಳಿ ಪಟ್ಟಿ ಹಾಕಿಕೊಂಡಿದ್ದ. ಅವಳು ಎದ್ದು ನಿಂತಳು. ಹನ್ನೊಂದು ವರ್ಷ ನೋಡಿದ ಮುಖಕ್ಕೆ ಏನೆಂದು ನಮಸ್ಕಾರ ಹೇಳುವುದೋ ತಿಳಿಯಲಿಲ್ಲ.

"ವಿಡಿಯೋ ನೋಡೋರು ನೀವೇನಾ?"

"ಹೌದು."

"ಡಾಕ್ಟರು ಬಾಯಿ ಬಿಟ್ರು. ನಂಬಿಕೆ ಬರಲಿಲ್ಲ. ನಿಮ್ಮನ್ನ ನಾನು ಇಲ್ಲಿ ನೋಡೇ ಇಲ್ವಲ್ಲ. ಹೊಸದಾಗಿ ಸೇರಿದ್ದೀರಾ?"

"ನೀವು ಮೊದಲನೇ ಪಂದ್ಯ ಆಡೋಕ್ಕಿಂತ ಮುಂಚಿಂದ ಇದೀನಿ."

ಅವನಿಗೆ ಸ್ವಲ್ಪ ನಾಚಿಕೆಯಾದಂತೆ ಕಂಡಿತು. ಅವಳು ಇದ್ದೊಂದು ಕುರ್ಚಿಯನ್ನು ಅವನ ಕಡೆ ತಳ್ಳಿದಳು. ಅವನು ಕೂತ.

"ನಾನು ಥ್ಯಾಂಕ್ಸ್ ಹೇಳೋಕೆ ಬಂದಿಲ್ಲ," ಎಂದ. "ಬೈಯೋಕೆ ಅಂತ ಬಂದೆ."

"ಬೈಯಿರಿ."

"ಮೂರು ತಿಂಗಳು. ಬರೀ ಮೂರು ತಿಂಗಳು ಸುಮ್ಮನಿದ್ದಿದ್ರೆ ಆಡಿ ಮುಗಿಸ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ರಾತ್ರಿ ಮಗ್ಗುಲು ಬದಲಾಯಿಸೋಕೆ ಗೋಡೆ ಹಿಡ್ಕೊತಿದ್ದೆ, ಅವಳಿಗೂ ಗೊತ್ತಾಗದ ಹಾಗೆ. ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮಮ್ಮ ಹಾಗೇ ತಿರುಗ್ತಿದ್ರು."

"ಅವರು ಈಗ?" ಎಂದ.

"ಇಲ್ಲ."

"ಅದು ಯಾವಾಗ ಆಯ್ತೋ, ಅದನ್ನ ತೋರಿಸಿ," ಎಂದ ಬಂಡೆ.

ಅವಳು ಐವತ್ತೆರಡನೇ ನಿಮಿಷ ಹಾಕಿದಳು. ಅವನು ಮೂರು ಸಲ ನೋಡಿದ. ಮೂರನೇ ಸಲ ಅವನ ಕೈ ತನ್ನಷ್ಟಕ್ಕೇ ಕುತ್ತಿಗೆಯ ಪಟ್ಟಿಗೆ ಹೋಯಿತು. ಬೈಗುಳ ಬರಲಿಲ್ಲ, ಧನ್ಯವಾದವೂ ಬರಲಿಲ್ಲ. "ಒಳ್ಳೇ ಸ್ಕ್ರಮ್ ಆಗಿತ್ತು, ಕಾಲು ಜಾರಿತು," ಎಂದಷ್ಟೇ ಹೇಳಿ, ಎಡಗೈ ಮೇಜಿಗೆ ಊರಿ ಎದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಕೇಳುವವನ ಹಾಗೆ ಬಾಯಿ ತೆರೆದ. ಬಹುಶಃ ಹೆಸರು ಕೇಳುತ್ತಾನೆ ಅಂದುಕೊಂಡಳು. ಅವನು, "ಕೆಳಗೆ ಹೋಗೋ ಲಿಫ್ಟ್ ಯಾವ ಕಡೆ?" ಎಂದ. ಅವಳು ತೋರಿಸಿದಳು.

ಆಮೇಲೆ ಅವನು ಆ ಕಡೆ ಬರಲಿಲ್ಲ. ಮಂಡಳಿ ಅವಳ ಆ ಬೇರೆ ನೋಟ್‌ಬುಕ್ಕಿನ ಲೆಕ್ಕವನ್ನೂ ಇನ್ನು ಮೇಲೆ ವರದಿಯಲ್ಲಿ ಕೊಡಬೇಕೆಂದು ಆದೇಶ ಮಾಡಿತು, ಅಚ್ಚು ಹಾಕಿಸಿದ ಫಾರಮ್ಮೂ ಬಂತು. ಅವಳು ತುಂಬಿದಳು. ತನ್ನದೇ ಅಂತ ಇದ್ದ ಒಂದು ಕೆಲಸವೂ ಕಚೇರಿಯದಾಯಿತು.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿ ಕ್ಲಬ್ ಮೈದಾನಕ್ಕೆ ಹೋದಳು. ಇಷ್ಟು ವರ್ಷದಲ್ಲಿ ಹಾಗೆ ಹೋದದ್ದು ಅದೇ ಮೊದಲು. ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ನೋಡಿದರೆ ಆಟಗಾರರು ಬೆರಳುದ್ದ ಕಾಣುತ್ತಿದ್ದರು, ಮುಖವೇ ತಿಳಿಯುತ್ತಿರಲಿಲ್ಲ. ಆದರೆ ಮೈಗೆ ಮೈ ಬಡಿಯುವ ಸದ್ದು ಕೇಳುತ್ತಿತ್ತು. ಅದು ಅವಳು ಎಣಿಸಿದ್ದಕ್ಕಿಂತ ಜೋರಾಗಿತ್ತು. ಅವಳ ವಿಡಿಯೋಗಳಿಗೆ ಎಂದೂ ಸದ್ದಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿ, "ನಿಮ್ಮೋರು ಯಾರಾದ್ರೂ ಆಡ್ತಿದಾರಾ?" ಎಂದು ಕೇಳಿದಳು.

"ಯಾರೂ ಇಲ್ಲ," ಎಂದಳು ಅವಳು. "ಸುಮ್ನೆ ಬಂದೆ."

ಹೆಂಗಸು ತಲೆಯಾಡಿಸಿ ಆಟದ ಕಡೆ ತಿರುಗಿದಳು. ಪಂದ್ಯ ಮುಗಿದು, ಜನ ಕರಗಿ, ಮೈದಾನದವನು ಮೂಲೆಯ ಬಾವುಟಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೋಗುವವರೆಗೂ ಅವಳು ಅಲ್ಲೇ ಕೂತಿದ್ದಳು.