ಹುರುಳಿ ಬಳ್ಳಿಗೆ ಸಿಕ್ಕ ಜಪಾನ್ ಗಾಡಿ

ಮೊನ್ನೆ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ಮಸ್ಕಿ ಹತ್ತಿರ ಯಾರೋ ರಸ್ತೆ ಮೇಲೆ ಹುರುಳಿ ಹರವಿದ್ದರು. ನಮ್ಮ ಗಾಡಿ ಅದರ ಮೇಲೆ ಹಾಯ್ದದ್ದೇ ತಡ, ಬಿಸಿ ಸೈಲೆನ್ಸರಿಗೆ ಬಳ್ಳಿ ಸುತ್ತಿ ಸೀದ ವಾಸನೆ ಬಂತು. ಡ್ರೈವರ್ ಬೈಯುತ್ತ ಇಳಿದ. ನನಗೆ ನಮ್ಮ ಪಕ್ಕದ ಮನೆಯ ಚಾಚಿಯ ನೆನಪಾಯಿತು...

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಕಾರಿನ ಹುಚ್ಚು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ, ಮಸ್ಕಿಯ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು ಗಾಡಿ ನೋಡುವುದೇ ಕಸುಬು. ನೋಡಲಿಕ್ಕೆ ಸಿಗುತ್ತಿದ್ದದ್ದಾದರೂ ಏನು ಮಣ್ಣು? ಅಂಬಾಸಿಡರ್, ಜೀಪು, ಹುಲ್ಲಿನ ಟ್ರ್ಯಾಕ್ಟರ್! ಈ ಹುಚ್ಚಿಗೆ ಜೊತೆಯಾದವರು ಚಾಚಿ. ಅವರ ಗಂಡ ದುಬೈ ಗ್ಯಾರೇಜಿನಲ್ಲಿ ಜಪಾನ್ ಗಾಡಿಗಳನ್ನು ತಗ್ಗಿಸಿ, ಟರ್ಬೋ ಕೂರಿಸಿ, ಓಟಕ್ಕೆ ಅಣಿಮಾಡುವ ಮಿಸ್ತ್ರಿ. ಓದು ಬಾರದ ಹೆಂಡತಿಗೆಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮಾತು ಕಡಿಮೆ, ಇಂಜಿನ್ನಿನ ಗದ್ದಲವೇ ಹೆಚ್ಚು. ಚಾಚಿ ಆ ಗದ್ದಲವನ್ನೂ ಬಿಡದೆ ಕೇಳುತ್ತಿದ್ದರು.

“ಎಕ್ಸಲೇಟರ್ ಮ್ಯಾಲಿನ ಕಾಲ್ ಎತ್ತಿದ ಕೂಡ್ಲೆ ಫುಸ್ ಅಂತೈತಿ ನೋಡು, ಆ ಟರ್ಬೋ ಇವ್ರು ಕೂಡಿಸಿದ್ದ!”

ಕೊನೆಯ ಕ್ಯಾಸೆಟ್ಟಿನಲ್ಲಿ ಗಂಡ ನಕ್ಕು ಹೇಳಿದ್ದರು: “ಬಂದ್ರ ಇಂಥಾ ಗಾಡ್ಯಾಗ ಬರ್ತೀನಿ. ರಸ್ತಾ ಖಾಲಿ ಇಟ್ಟಿರು.”

ಆಮೇಲೆ ಕ್ಯಾಸೆಟ್ ಬರಲಿಲ್ಲ. ಆ ಕಡೆಯಿಂದ ಬಂದವರನ್ನು ಕೇಳಿದರೆ, ಗ್ಯಾರೇಜ್ ಬಿಟ್ಟು ಎಲ್ಲೋ ಹೋದರಂತೆ, ಅಷ್ಟೇ. ಚಾಚಿ ಮಾತ್ರ ಕಟ್ಟೆಗೆ ಬಂದು ನನ್ನ ಪಕ್ಕ ಕೂಡುವುದನ್ನು ಬಿಡಲಿಲ್ಲ.

ಒಂದು ಸುಗ್ಗಿಯ ಮಧ್ಯಾಹ್ನ, ಎಲ್ಲರಂತೆ ಅವರೂ ಮನೆ ಮುಂದಿನ ರಸ್ತೆಗೆ ಹುರುಳಿ ಹರವಿದ್ದರು. ಬಸ್ಸು, ಲಾರಿ ತುಳಿದರೆ ಒಕ್ಕಣೆ ಪುಕ್ಕಟೆ. ಲಿಂಗಸುಗೂರು ಕಡೆಯಿಂದ ಒಂದು ಸದ್ದು ಬಂತು, ಕ್ಯಾಸೆಟ್ಟಿನಲ್ಲಿ ಕೇಳಿದಂಥದೇ. ಚಾಚಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ಯಾ ಅಲ್ಲಾ... ಬಂದ್ರು!”

ಕೆಂಪು ಗಾಡಿ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಅಗಲ ಟೈರು, ಹಿಂದೆ ರೆಕ್ಕೆ. ನಾನು ಕುಣಿದೇಬಿಟ್ಟೆ. ಹುರುಳಿ ಕಂಡು ಡ್ರೈವರ್ ಕಾಲೆತ್ತಿದ. ಫುಸ್! ಅಷ್ಟರಲ್ಲಿ ಬಳ್ಳಿ ಅಡಿಗೆ ಸುತ್ತಿಕೊಂಡು, ಹೊಗೆಯಾಡಿ, ಗಾಡಿ ನಿಂತಿತು. ಇಳಿದವರು ಹಂಪಿಗೆ ಹೊರಟಿದ್ದ ಹೈದರಾಬಾದಿನ ಇಬ್ಬರು ಯುವಕರು.

ಚಾಚಿ ಹಿಂದಿನ ಸೀಟಿಗೆ ಇಣುಕಿದರು. ಖಾಲಿ. ನನ್ನ ಕುಣಿತ ಅಲ್ಲಿಗೇ ನಿಂತಿತು. ಯುವಕರು ರೇಗಾಡುತ್ತಿದ್ದರೆ ಚಾಚಿ ಟಾರಿನ ಮೇಲೆ ಮಲಗಿ ಬಳ್ಳಿ ಕಿತ್ತರು. ಬೆರಳು ಸುಟ್ಟವು. ಎದ್ದು, ಸೆರಗು ಸರಿಮಾಡಿಕೊಂಡು ಹೇಳಿದರು:

“ತಮ್ಮಾ, ಹೋಗೂವಾಗ ಜೋರ್ ಬಿಟ್ಟು ಒಮ್ಮೆ ಕಾಲ್ ಎತ್ತಪ್ಪಾ. ಅಷ್ಟ ಸಾಕು.”

ಅವನಿಗೆ ಏನು ತಿಳಿಯಿತೋ... ಹಳ್ಳದ ಸೇತುವೆ ದಾಟುವವರೆಗೆ ಮತ್ತೆ ಮತ್ತೆ ಕಾಲೆತ್ತುತ್ತಲೇ ಹೋದ. ಸದ್ದು ಪೂರ್ತಿ ಅಡಗುವವರೆಗೂ ಚಾಚಿ ಕಣ್ಣು ಮುಚ್ಚಿ ನಿಂತಿದ್ದರು.

ಆಮೇಲೆ ಅವರು ರಸ್ತೆಗೆ ಎಂದೂ ಕಾಳು ಹರವಲಿಲ್ಲ. ಬೇರೆಯವರಿಗೂ ಬಿಡಲಿಲ್ಲ; ದಿನಾ ಬೆಳಿಗ್ಗೆ ಮನೆ ಮುಂದಿನ ಟಾರನ್ನು ಗುಡಿಸುತ್ತಿದ್ದರು. ಜನ ನಕ್ಕರು. ನನಗೆ ನಗು ಬರಲಿಲ್ಲ.

ಚಾಚಿ ತೀರಿಹೋಗಿ ಎಷ್ಟೋ ವರ್ಷಗಳಾದವು. ಅವರ ಗಂಡ ಬರಲೇ ಇಲ್ಲ. ಮೊನ್ನೆ ಡ್ರೈವರ್ ಬಳ್ಳಿ ಬಿಡಿಸುತ್ತಿದ್ದಾಗ ನಾನೂ ಇಳಿದು, ಹುರುಳಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸತೊಡಗಿದೆ.

“ಏ, ಯಾಕ್ರೀ ನಮ್ ಹುರುಳಿ ಸರಿಸಾಕತ್ತೀರಿ?” ಹೊಲದಿಂದ ಹೆಣ್ಣುಮಗಳೊಬ್ಬಳು ಕೂಗಿದಳು.

ಯಾರೋ ಬರುವವರಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಕೊನೆಗೆ ಬಾಗಿ, ಉಳಿದ ಬಳ್ಳಿಯನ್ನು ಕೈಯಿಂದಲೇ ಪಕ್ಕಕ್ಕೆ ಎಳೆದೆ.